ಎರಡನೇ ಪುಟದ ಲೆಮ್ ಮೇಬ್ರಿ

ಮೇಬ್ರಿ ಮನೆತನದವರು ವರ್ಷಕ್ಕೊಮ್ಮೆ, ಜುಲೈ ತಿಂಗಳ ಕಡೆಯ ಶನಿವಾರ, ಕೆರೆದಂಡೆಯ ಪಾರ್ಕಿನಲ್ಲಿ ಸೇರುತ್ತಾರೆ. ಅದಕ್ಕೆ ಏಪ್ರಿಲ್‌ನಲ್ಲೇ ಎಲ್ಲರ ಮನೆಗೂ ಅಂಚೆಯಲ್ಲಿ ಎರಡು ಪುಟದ ಪಟ್ಟಿ ಬರುತ್ತದೆ. ಮೊದಲ ಪುಟದಲ್ಲಿ ಯಾರು ಯಾವ ಅಡುಗೆ ತರಬೇಕು ಎಂದಿರುತ್ತದೆ. ಎರಡನೇ ಪುಟದ ತಲೆಯ ಮೇಲೆ ‘ಇತರೆ’ ಎಂದು ಬರೆದು, ಅದರ ಕೆಳಗೆ ಐಸು, ಕಾಗದದ ತಟ್ಟೆ, ಮಡಚುವ ಕುರ್ಚಿ, ಸೊಳ್ಳೆ ಔಷಧಿ ತರಬೇಕಾದವರ ಹೆಸರುಗಳಿರುತ್ತವೆ. ಲೆಮ್ಯುಯಲ್ ಮೇಬ್ರಿ ಇಪ್ಪತ್ತೆರಡು ವರ್ಷಗಳಿಂದ ಎರಡನೇ ಪುಟದಲ್ಲಿದ್ದ.

ಕೊಲೆ ಮಾಡಿದವನೂ ಜೈಲಿನಲ್ಲಿ ನಡತೆ ಸರಿಯಾಗಿಟ್ಟುಕೊಂಡರೆ ಇಷ್ಟರಲ್ಲಿ ಹೊರಗೆ ಬಂದಿರುತ್ತಿದ್ದ. ಲೆಮ್ ಮಾಡಿದ್ದಾದರೂ ಏನು? ಇಪ್ಪತ್ತೆರಡು ವರ್ಷದ ಹಿಂದೆ, ಚೀಸು ಸುರಿದು ಒಲೆಯೊಳಗಿಟ್ಟು ಬೇಯಿಸುವ ಮ್ಯಾಕರೋನಿ ಮಾಡುವಾಗ, ನೋಡಲು ಚೆನ್ನಾಗಿರಲಿ ಎಂದು ಒಂದು ಹಿಡಿ ಹಸಿರು ಬಟಾಣಿ ಹಾಕಿದ್ದ. ಬಟಾಣಿ ಹಾಕಿಕೊಂಡು ತಿನ್ನುವ ಜನ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅಲಬಾಮಾದ ಮೇಬ್ರಿಗಳ ಮ್ಯಾಕರೋನಿಯಲ್ಲಿ ಚೀಸು, ಬೆಣ್ಣೆ, ಹಾಲು, ಮೊಟ್ಟೆ ಬಿಟ್ಟು ಇನ್ನೇನಾದರೂ ಕಂಡರೆ ಅದು ಸತ್ತ ಅಜ್ಜಿಗೆ ಮಾಡಿದ ಅವಮಾನ. ಅಂದಿನಿಂದ ಅವನಿಗೆ ಐಸು ತರುವ ಕೆಲಸ, ಮತ್ತು ‘ಬಟಾಣಿ’ ಎಂಬ ಅಡ್ಡಹೆಸರು.

ಈ ವರ್ಷದ ಪಟ್ಟಿಯಲ್ಲಿ ಹೀಗಿತ್ತು: ‘ಲೆಮ್ಯುಯಲ್, ಐಸು, ಹತ್ತು ಚೀಲ. ಹೋದ ವರ್ಷ ಎಂಟು ಚೀಲ ಸಾಲಲಿಲ್ಲ. ಗಮನವಿರಲಿ.’ ಕಡೆಯ ಎರಡು ಮಾತು ಓದಿದಾಗ ಲೆಮ್‌ಗೆ ಪಿತ್ತ ನೆತ್ತಿಗೇರಿತು. ಪಟ್ಟಿ ಹಿಡಿದುಕೊಂಡೇ ಬೇಲಿಯ ಹತ್ತಿರ ಹೋಗಿ ಪಕ್ಕದ ಮನೆಯ ಹಿಕ್ಸ್‌ನನ್ನು ಕೂಗಿದ. ಹಿಕ್ಸ್ ನಿವೃತ್ತ ಪೋಸ್ಟ್‌ಮನ್. ಜನ ಕಾಗದ ಒಡೆದು ಸಿಟ್ಟಾಗುವುದನ್ನು ನಲವತ್ತು ವರ್ಷ ನೋಡಿದ್ದವನು.

‘ಐಸು ಅಂದ್ರೆ ಏನಯ್ಯಾ? ನೀರು. ಅರವತ್ಮೂರು ವರ್ಷದ ಮನುಷ್ಯ ನಾನು, ಮೂವತ್ತೊಂದು ವರ್ಷ ಸ್ಕೂಲ್ ಬಸ್ ಓಡ್ಸಿದೀನಿ. ಇಡೀ ಊರು ತಮ್ಮ ಮಕ್ಕಳನ್ನ ನಂಬಿ ನನ್ನ ಕೈಗೆ ಕೊಡ್ತು. ಇವರಿಗೆ ಒಂದು ಪಾತ್ರೆ ಮ್ಯಾಕರೋನಿ ಕೊಡೋಕೆ ನಂಬಿಕೆ ಇಲ್ಲ.’

‘ಮಕ್ಕಳಿಗೆ ನೀನು ಬಟಾಣಿ ಹಾಕಿರ್ಲಿಲ್ವಲ್ಲ,’ ಎಂದ ಹಿಕ್ಸ್.

ಆವತ್ತೇ ಲೆಮ್ ಶಪಥ ಮಾಡಿದ. ಈ ಸಲ ಮೊದಲ ಪುಟಕ್ಕೆ ಹೋಗಲೇಬೇಕು. ಪ್ರತಿ ಭಾನುವಾರ ಚರ್ಚಿನಿಂದ ಬಂದವನೇ ಮ್ಯಾಕರೋನಿ ಮಾಡಿ, ಒಂದು ತಟ್ಟೆಯನ್ನು ಬೇಲಿಯಾಚೆ ದಾಟಿಸುತ್ತಿದ್ದ. ಮೊದಲ ಭಾನುವಾರ ಹಿಕ್ಸ್ ಅದನ್ನು ಫೋರ್ಕಿನಿಂದ ತಟ್ಟಿ ನೋಡಿ, ಗ್ಯಾರೇಜಿನ ಗೋಡೆಯ ಬಿರುಕಿಗೆ ಸ್ವಲ್ಪ ಉಳಿಸಿಕೊಡು ಎಂದ. ಆರನೇ ಭಾನುವಾರ ಏನೂ ಹೇಳದೆ ತಿಂದ. ಹದಿಮೂರನೇ ಭಾನುವಾರ ಲೆಮ್ ಕರೆಯುವ ಮೊದಲೇ ಬೇಲಿಯ ಹತ್ತಿರ ತಟ್ಟೆ ಹಿಡಿದು ನಿಂತಿದ್ದ. ಆಗ ಲೆಮ್‌ಗೆ ತನ್ನ ಕೈ ಪಳಗಿದೆ ಎಂದು ಖಾತ್ರಿಯಾಯಿತು.

ಸಮಾವೇಶದ ಹಿಂದಿನ ದಿನ ಕೂತು ಆರು ಪೌಂಡು ಚೀಸು ತುರಿದ. ಅಂಗಡಿಯಲ್ಲಿ ತುರಿದ ಚೀಸೇ ಚೀಲಗಟ್ಟಲೆ ಸಿಗುತ್ತದೆ, ನಿಜ. ಅದನ್ನು ಹಾಕಿದವರನ್ನು ಮೇಬ್ರಿಗಳು ಬಟಾಣಿ ಹಾಕಿದವರ ಪಕ್ಕದಲ್ಲೇ ಕೂರಿಸುತ್ತಾರೆ. ನಾಲ್ಕನೇ ಪೌಂಡಿನ ಹೊತ್ತಿಗೆ ಗೆಣ್ಣುಗಳು ತುರಿಮಣೆಗೆ ಸಿಕ್ಕಿ ಸುಲಿದವು. ನಾಲ್ಕು ಬೆರಳಿಗೂ ಪಟ್ಟಿ ಸುತ್ತಿಕೊಂಡು ಉಳಿದದ್ದನ್ನು ಮುಗಿಸಿದ. ಇಷ್ಟೂ ಹಿಡಿಸುವ ಪಾತ್ರೆ ಬೇಕಲ್ಲ ಎಂದು ಹುಡುಕಿದಾಗ ಕಪಾಟಿನ ಮೇಲೆ ದೊಡ್ಡದೊಂದು ನೀಲಿ ಎನಾಮಲ್ ಪಾತ್ರೆ ಸಿಕ್ಕಿತು. ನಾಲ್ಕು ವರ್ಷದ ಹಿಂದೆ ತೀರಿಹೋದ ಹೆಂಡತಿ ಲೊರೇನಳದ್ದೇ ಇರಬೇಕು ಎಂದುಕೊಂಡು, ಧೂಳು ತೊಳೆದು, ಬೆಣ್ಣೆ ಸವರಿದ. ತಳ ತಿರುಗಿಸಿ ನೋಡುವ ಬುದ್ಧಿ ಅವನಿಗೆ ಬರಲಿಲ್ಲ.

ಶನಿವಾರ ಪಾರ್ಕಿನಲ್ಲಿ ನೂರ ನಲವತ್ತು ಮಂದಿ ಮೇಬ್ರಿಗಳು ನೇರಳೆ ಬಣ್ಣದ ಒಂದೇ ಥರದ ಟೀ ಶರ್ಟು ಹಾಕಿಕೊಂಡು ಸೇರಿದ್ದರು. ಡೆಟ್ರಾಯಿಟಿನವರು, ಷಿಕಾಗೋದವರು, ಅಟ್ಲಾಂಟಾದವರು ಎಲ್ಲರೂ ಬಂದಿದ್ದರು. ಚಿಕ್ಕಪ್ಪನ ಮಗ ಪರ್ನೆಲ್ ಬೆಳಗಿನ ಜಾವದಿಂದ ಕೆಂಡದ ಮುಂದೆ ನಿಂತು ಪಕ್ಕೆಲುಬಿನ ಮಾಂಸ ಸುಡುತ್ತಿದ್ದ. ಎರಡು ಉದ್ದದ ಮೇಜುಗಳ ಮೇಲೆ ಕರಿದ ಕೋಳಿ, ಹೊಗೆಮಾಂಸ ಹಾಕಿ ಬೇಯಿಸಿದ ಕಾಲರ್ಡ್ ಸೊಪ್ಪು, ಅಲಸಂದೆ, ಮೆಕ್ಕೆಜೋಳದ ಬ್ರೆಡ್ಡು, ಸಿಹಿಗೆಣಸಿನ ಪೈ ಸಾಲಾಗಿ ಕೂತಿದ್ದವು. ನಡುವೆ ಗೌರವದ ಜಾಗದಲ್ಲಿ ಕ್ಲಾಡೆಟ್‌ಳ ಮ್ಯಾಕರೋನಿ ಇತ್ತು.

ಕ್ಲಾಡೆಟ್ ಲೆಮ್‌ನ ದೊಡ್ಡಪ್ಪನ ಮಗಳು, ನಿವೃತ್ತ ಹೆಡ್‌ಮಿಸ್ಟ್ರೆಸ್, ಸಮಾವೇಶದ ಅಧ್ಯಕ್ಷೆ. ಪಟ್ಟಿ ಬರೆಯುವವಳೂ ಅವಳೇ. ಮೂರು ವರ್ಷದ ಹಿಂದಿನವರೆಗೆ ಮ್ಯಾಕರೋನಿ ಓಜೆಲ್ಲಾ ಅತ್ತೆಯದಾಗಿತ್ತು. ಅತ್ತೆಗೆ ಈಗ ಎಂಬತ್ತೊಂಬತ್ತು. ಒಮ್ಮೆ ಒಲೆ ಉರಿಸಿಟ್ಟು ಮರೆತು ಚರ್ಚಿಗೆ ಹೋಗಿಬಿಟ್ಟರು. ಕ್ಲಾಡೆಟ್ ಮಾರನೇ ದಿನವೇ ಆಳು ಕರೆಸಿ ಅತ್ತೆಯ ಮನೆಯಿಂದ ಒಲೆ ಕೀಳಿಸಿದಳು, ಮ್ಯಾಕರೋನಿಯನ್ನು ತನ್ನ ಹೆಸರಿಗೆ ಬರೆದುಕೊಂಡಳು. ಅವಳು ಶಾಲೆ ನಡೆಸಿದಂತೆಯೇ ಮ್ಯಾಕರೋನಿ ಮಾಡುತ್ತಿದ್ದಳು. ಚೌಕಚೌಕ ತುಂಡು, ಒಣ ಶಿಸ್ತು, ನೀರು ಕುಡಿಯದೆ ಇಳಿಯುತ್ತಿರಲಿಲ್ಲ.

ಲೆಮ್ ಲೆಕ್ಕ ಹಾಕಿಯೇ ಬಂದಿದ್ದ. ನಾನು ಮಾಡಿದ್ದು ಎಂದರೆ ಯಾರೂ ಮುಟ್ಟುವುದಿಲ್ಲ. ಮೊದಲು ತಿನ್ನಲಿ, ಬೆರಳು ನೆಕ್ಕಲಿ, ಆಮೇಲೆ ಬಾಯಿ ಬಿಟ್ಟರಾಯಿತು. ಹತ್ತು ಚೀಲ ಐಸು ಇಳಿಸುವ ಗಲಾಟೆಯಲ್ಲಿ ನೀಲಿ ಪಾತ್ರೆಯನ್ನು ಕ್ಲಾಡೆಟ್‌ಳ ಪಾತ್ರೆಯ ಪಕ್ಕದಲ್ಲಿಟ್ಟು, ಏನೂ ಗೊತ್ತಿಲ್ಲದವನಂತೆ ಐಸು ಒಡೆಯುತ್ತ ಕೂತ. ಪರ್ನೆಲ್ ದೀರ್ಘ ಪ್ರಾರ್ಥನೆ ಮುಗಿಸಿ, ಆಮೆನ್ ಎಂದವನೇ ಸಾಲಿನ ಮುಂದೆ ಬಂದು ನಿಂತ.

‘ಇದ್ಯಾರು ಮಾಡಿದ್ದು?’ ಎಂದ, ನೀಲಿ ಪಾತ್ರೆ ನೋಡಿ.

‘ಮಾಡ್ದೋರು ಯಾರು ಅಂತ ಗೊತ್ತಿಲ್ದೇ ನಾನಂತೂ ಚಮಚ ಹಾಕಲ್ಲಪ್ಪ,’ ಎಂದಳು ಪರ್ನೆಲ್‌ನ ಹೆಂಡತಿ ಇಮೋಜಿನ್. ಇವಳು ಸಮಾವೇಶದ ಕಾರ್ಯದರ್ಶಿ. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ, ಈ ಜನ ಹೆಸರು ಕೇಳದೆ ಏನನ್ನೂ ಬಡಿಸಿಕೊಳ್ಳುವುದಿಲ್ಲ. ಪಾತ್ರೆ ವಾಪಸು ಮನೆ ಸೇರಲಿ ಎಂದು ಎಲ್ಲರೂ ತಳಕ್ಕೆ ಟೇಪು ಅಂಟಿಸಿ ಹೆಸರು ಬರೆದಿರುತ್ತಾರೆ. ಪರ್ನೆಲ್ ಪಾತ್ರೆಯ ಒಂದು ಮೂಲೆ ಎತ್ತಿ, ತಲೆ ಓರೆ ಮಾಡಿ, ಕೆಳಗೆ ಬಗ್ಗಿ ಓದಿದ. ಎದ್ದಾಗ ಅವನ ಮುಖದ ಬಣ್ಣವೇ ಬೇರೆಯಾಗಿತ್ತು.

‘ಓಜೆಲ್ಲಾ ಅತ್ತೆ ಮ್ಯಾಕರೋನಿ ಮಾಡಿದಾರೆ ಕಣ್ರೋ.’

ಸಾಲು ಮುರಿದುಬಿತ್ತು. ಡೆಟ್ರಾಯಿಟಿನವರು ಕುರ್ಚಿ ಬಿಟ್ಟು ಓಡಿಬಂದರು. ಷಿಕಾಗೋದ ಒಬ್ಬ ದಪ್ಪ ಮನುಷ್ಯ ಮೊದಲ ತುತ್ತಿಗೇ ಕಣ್ಣೊರೆಸಿಕೊಂಡು, ‘ಇದೇ ರುಚಿ. ನನ್ನಮ್ಮನ ಸಾವಿನ ಮನೆಗೆ ಕಳಿಸಿದ್ರಲ್ಲ, ಇದೇ,’ ಎಂದ. ಹತ್ತೇ ನಿಮಿಷದಲ್ಲಿ ನೀಲಿ ಪಾತ್ರೆಯ ಮುಕ್ಕಾಲು ಖಾಲಿ. ಕ್ಲಾಡೆಟ್‌ಳ ಪಾತ್ರೆಯಲ್ಲಿ ಒಂದೇ ಒಂದು ಚೌಕ ಕಡಿಮೆಯಾಗಿತ್ತು, ಅದನ್ನು ತೆಗೆದುಕೊಂಡವನು ಅವಳ ಗಂಡ.

ಅಷ್ಟರಲ್ಲಿ ಇಮೋಜಿನ್ ಒಂದು ತಟ್ಟೆ ತುಂಬಿಸಿ ಅತ್ತೆಯ ಹತ್ತಿರ ಒಯ್ದಿದ್ದಳು. ಅತ್ತೆ ಓಕ್ ಮರದ ನೆರಳಲ್ಲಿ, ಎದೆಗೆ ‘ಅತಿ ಹಿರಿಯರು’ ಎಂಬ ರಿಬ್ಬನ್ ಚುಚ್ಚಿಸಿಕೊಂಡು ಕೂತಿದ್ದರು. ಮೂರು ವರ್ಷದಿಂದ ಅವರಿಗೆ ಒಪ್ಪಿಸಿದ ಕೆಲಸ ಕೂತಿರುವುದೊಂದೇ. ಅವರು ಒಂದು ತುತ್ತು ತಿಂದು ಕಣ್ಣು ಮುಚ್ಚಿದರು. ಇನ್ನೊಂದು ತಿಂದರು. ಆಮೇಲೆ ತಟ್ಟೆ ಮುಂದೆ ಮಾಡಿ, ‘ಅಂಚಿನದು ಒಂಚೂರು ತಾರೆ,’ ಎಂದರು.

ಕ್ಲಾಡೆಟ್ ದಡದಡನೆ ಬಂದಳು. ‘ಅತ್ತೆ, ಯಾರ ಮನೇಲಿ ಮಾಡಿದ್ರಿ ಇದನ್ನ? ಒಲೆ ಯಾರದು?’

‘ಒಲೆ ಕಿತ್ಕೊಂಡು ಹೋದೋರಿಗೆ ಅದೆಲ್ಲ ಯಾಕಮ್ಮ?’ ಎಂದರು ಅತ್ತೆ. ಸುತ್ತ ನಿಂತವರೆಲ್ಲ ಕ್ಲಾಡೆಟ್‌ಳ ಮುಖ ನೋಡಿ ನಕ್ಕರು. ಹೆಂಗಸರು ಕುರ್ಚಿ ಎಳೆದುಕೊಂಡು ಅತ್ತೆಯ ಸುತ್ತ ಕೂತರು. ಬೆಣ್ಣೆ ಎಷ್ಟು, ಹಾಲು ಎಷ್ಟು, ಮೊಟ್ಟೆ ಯಾವಾಗ ಎಂದು ಒಬ್ಬರ ಮೇಲೊಬ್ಬರು ಕೇಳತೊಡಗಿದರು.

‘ಬೆಣ್ಣೆ ಕೈ ಹೇಳಿದಷ್ಟು. ಆದರೆ ನಾನು ಸಾಸಿವೆ ಪುಡಿ ಅರ್ಧ ಚಮಚ ಹಾಕ್ದೇ ಯಾವತ್ತೂ ಮಾಡಿದೋಳಲ್ಲ.’

‘ಅದೇ ಅನ್ಕೊಂಡೆ, ಸಾಸಿವೆ ಘಾಟು ನಾಲಿಗೆಗೆ ಸಿಕ್ತು,’ ಎಂದಳು ಇಮೋಜಿನ್.

ಐಸಿನ ಡಬ್ಬದ ಹಿಂದೆ ಲೆಮ್ ಎದ್ದು ನಿಂತ. ಇಷ್ಟು ಹೊತ್ತು ಅವನಿಗೆ ನಗಬೇಕೋ ಅಳಬೇಕೋ ಗೊತ್ತಾಗಿರಲಿಲ್ಲ. ಸಾಸಿವೆಯ ಮಾತು ಕೇಳಿದ ಮೇಲೆ ಗೊತ್ತಾಯಿತು. ‘ಅದರಲ್ಲಿ ಸಾಸಿವೆ ಇಲ್ಲ,’ ಎಂದ, ನೂರ ನಲವತ್ತು ಜನಕ್ಕೂ ಕೇಳುವಂತೆ.

‘ನಿಮಗೇನು ಗೊತ್ತು, ಸುಮ್ನಿರಿ ಬಟಾಣಿ ಭಾವ,’ ಎಂದಳು ಇಮೋಜಿನ್.

‘ನನಗೆ ಗೊತ್ತು. ಯಾಕಂದ್ರೆ ಅದನ್ನ ಮಾಡಿದ್ದು ನಾನು.’

ಡೆಟ್ರಾಯಿಟಿನ ಮೂಲೆಯಿಂದ ಹಿಡಿದು ಅಟ್ಲಾಂಟಾದ ಮೂಲೆಯವರೆಗೆ ಜನ ಬಿದ್ದುಬಿದ್ದು ನಕ್ಕರು. ಪರ್ನೆಲ್ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ‘ಲೆಮಣ್ಣ, ಬಿಸಿಲು ಜಾಸ್ತಿ ಇದೆ. ಒಂದು ಹಿಡಿ ಐಸು ನೆತ್ತಿ ಮೇಲೆ ಇಟ್ಕೊಂಡು ಕೂತ್ಕೋ.’

‘ಬಿಸಿಲೂ ಇಲ್ಲ, ನೆರಳೂ ಇಲ್ಲ. ಈ ಬೆರಳು ನೋಡು. ನಿನ್ನೆ ಆರು ಪೌಂಡು ಚೀಸು ತುರಿದಿದೀನಿ.’

‘ಅಯ್ಯೋ ಪಾಪ, ಅತ್ತೆಗೆ ಚೀಸು ತುರಿದುಕೊಟ್ಟೆಯಾ? ಒಳ್ಳೇ ಕೆಲಸ ಮಾಡ್ದೆ.’

‘ಅತ್ತೆಗಲ್ಲ, ನನಗೆ. ನನ್ನ ಮನೇಲಿ, ನನ್ನ ಒಲೆಯಲ್ಲಿ.’

‘ಓಹೋ, ಹಾಗಾದ್ರೆ ಒಲೆ ನಿನ್ನದು,’ ಎಂದಳು ಕ್ಲಾಡೆಟ್, ಕಳ್ಳನನ್ನು ಹಿಡಿದ ಧ್ವನಿಯಲ್ಲಿ. ‘ಎಂಬತ್ತೊಂಬತ್ತು ವರ್ಷದ ಮುದುಕೀನ ನಿನ್ನ ಮನೆಗೆ ಕರ್ಕೊಂಡು ಹೋಗಿ ಬೆಂಕಿ ಮುಂದೆ ನಿಲ್ಲಿಸಿದೀಯ. ನನ್ನನ್ನ ಒಂದು ಮಾತು ಕೇಳ್ಲಿಲ್ಲ.’

ಇದೆಂಥ ನ್ಯಾಯ ನೋಡಿ. ಒಬ್ಬ ಮನುಷ್ಯ ತನ್ನ ಅಡುಗೆಗೆ ಸಾಕ್ಷಿ ಕೊಟ್ಟಷ್ಟೂ ಆ ಅಡುಗೆ ಅವನಿಂದ ದೂರ ಹೋಗುತ್ತಿತ್ತು. ಕಾರಿನಿಂದ ಪಾತ್ರೆ ಇಳಿಸಿದ್ದನ್ನು ಡೆಟ್ರಾಯಿಟಿನ ಒಬ್ಬ ಹುಡುಗ ಕಣ್ಣಾರೆ ನೋಡಿದ್ದ, ಅದರಿಂದ ಅವನು ಪಾತ್ರೆ ಹೊತ್ತು ತಂದವನು ಎಂದಷ್ಟೇ ಸಾಬೀತಾಯಿತು. ಹಿಕ್ಸ್‌ಗೆ ಫೋನ್ ಮಾಡಿ ಕೇಳಿ ಎಂದರೆ, ಆ ಹಿಕ್ಸ್ ಮೇಬ್ರಿಯಲ್ಲ, ಅವನಿಗೆ ಮ್ಯಾಕರೋನಿ ಬಗ್ಗೆ ಏನು ತಿಳಿಯುತ್ತದೆ ಎಂದರು. ಲೆಮ್‌ನ ಸಿಟ್ಟು ಮಿತಿಮೀರಿತು. ಸಿಟ್ಟಿನಲ್ಲಿ ಮನುಷ್ಯ ಹೇಳಬಾರದ್ದನ್ನು ಹೇಳುತ್ತಾನೆ.

‘ತಳದಲ್ಲಿ ಹೆಸರಿದ್ದ ಮಾತ್ರಕ್ಕೆ ಅತ್ತೆ ಮಾಡಿದ ಹಾಗಾಯ್ತಾ? ಆ ಪಾತ್ರೆ ನಾಲ್ಕು ವರ್ಷದಿಂದ ನನ್ನ ಮನೇಲೇ ಬಿದ್ದಿದೆ.’

ಈಗ ಯಾರೂ ನಗಲಿಲ್ಲ. ಪರ್ನೆಲ್ ಅವನ ಹೆಗಲಿನಿಂದ ಕೈ ತೆಗೆದ. ಸಾವಿನ ಮನೆಗೆ ಊಟ ಕಳಿಸುವುದು ಇವರಲ್ಲಿ ಪದ್ಧತಿ. ಆ ಪಾತ್ರೆಯನ್ನು ತೊಳೆದು, ತಿಂಗಳೊಳಗೆ, ಕೈಯಾರೆ ಹಿಂದಿರುಗಿಸುವುದೂ ಪದ್ಧತಿಯೇ. ಮದುವೆ ಮುರಿದುಕೊಂಡವರನ್ನು ಮೇಬ್ರಿಗಳು ಕ್ಷಮಿಸಿದ್ದಾರೆ, ಪಾತ್ರೆ ಇಟ್ಟುಕೊಂಡವರನ್ನು ಕ್ಷಮಿಸಿದ ಉದಾಹರಣೆ ಇಲ್ಲ.

‘ಲೊರೇನಳ ಮಣ್ಣಿಗೆ ಅತ್ತೆ ಕಳಿಸಿದ ಪಾತ್ರೆ ಅದು,’ ಎಂದಳು ಕ್ಲಾಡೆಟ್, ಒಂದೊಂದೇ ಪದ ಬಿಡಿಸಿ. ‘ನಾಲ್ಕು ವರ್ಷ ಅವರು ಇದನ್ನ ಹುಡುಕಿದಾರೆ. ಅವರಿಗೆ ಮರೆವು ಜಾಸ್ತಿಯಾಯ್ತು, ಎಲ್ಲೋ ಇಟ್ಟು ಮರೆತಿದಾರೆ ಅಂತ ನಾವೆಲ್ಲ ಅವರ ಬಾಯಿ ಮುಚ್ಚಿಸಿದ್ವಿ.’

ಕ್ಲಾಡೆಟ್ ಗಡಿಯಾರ ನೋಡಿ, ವಾರ್ಷಿಕ ಸಭೆಯ ಹೊತ್ತಾಯಿತೆಂದು ಮೈಕು ಎತ್ತಿಕೊಂಡಳು. ಹೋದ ವರ್ಷದ ವರದಿ ಓದಿಯಾಯಿತು. ಅತಿ ದೂರದಿಂದ ಬಂದವರಿಗೆ ಚಪ್ಪಾಳೆಯಾಯಿತು. ಮುಂದಿನ ವರ್ಷದ ಅಡುಗೆ ಪಟ್ಟಿ ಎಂದ ಕೂಡಲೇ ಲೆಮ್ ಕುರ್ಚಿಯ ಮೇಲೆ ಹತ್ತಿ ನಿಂತ.

‘ಅಧ್ಯಕ್ಷರೇ, ನನ್ನದೊಂದು ಗೊತ್ತುವಳಿ ಇದೆ. ಮುಂದಿನ ವರ್ಷ ಮ್ಯಾಕರೋನಿ ನನ್ನ ಹೆಸರಿಗೆ ಬರೀಬೇಕು. ಇವತ್ತು ನೀವೆಲ್ಲ ತಿಂದಿದ್ದು ನನ್ನ ಕೈ ಅಡುಗೆ. ಪಾತ್ರೆ ಇಟ್ಕೊಂಡಿದ್ದು ತಪ್ಪು, ಒಪ್ಕೋತೀನಿ. ಬಟಾಣಿ ಹಾಕಿದ್ದೂ ತಪ್ಪು, ಒಪ್ಕೋತೀನಿ. ಮಾಡಿದ ತಪ್ಪೆಲ್ಲ ನನ್ನ ಹೆಸರಿಗೆ, ಮಾಡಿದ ಅಡುಗೆ ಮಾತ್ರ ಬೇರೆಯವರ ಹೆಸರಿಗೆ ಅಂದ್ರೆ ಅದನ್ನ ಒಪ್ಪಲ್ಲ.’

‘ಕುರ್ಚಿ ಮೇಲಿಂದ ಇಳಿ, ಮುರಿಯುತ್ತೆ,’ ಎಂದಳು ಕ್ಲಾಡೆಟ್. ‘ಇದಕ್ಕೆ ಚರ್ಚೆ ಯಾಕೆ? ಅತ್ತೆ ಇಲ್ಲೇ ಇದಾರೆ, ಅವರನ್ನೇ ಕೇಳೋಣ. ಅತ್ತೆ, ಹೇಳಿ. ಯಾರು ಮಾಡಿದ್ದು?’

ಅತ್ತೆ ಮೈಕಿನ ಕಡೆ ನೋಡಲೇ ಇಲ್ಲ. ‘ಲೆಮ್‌ನ ಇಲ್ಲಿ ಕಳಿಸು,’ ಎಂದರು.

ಲೆಮ್ ಇಳಿದು ಹೋಗಿ ಅವರ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅತ್ತೆ ಅವನ ಕೈ ಹಿಡಿದು ಬೆರಳಿನ ಪಟ್ಟಿಗಳನ್ನು ಒಂದೊಂದಾಗಿ ಸವರಿದರು. ‘ಮೊದಲನೇ ತುತ್ತಿಗೇ ಗೊತ್ತಾಯ್ತು ಕಣೋ, ನನ್ನದಲ್ಲ ಅಂತ. ನಾನು ಇಷ್ಟು ಮೆಣಸು ಹಾಕಲ್ಲ,’ ಎಂದರು, ಅವನಿಗೊಬ್ಬನಿಗೇ ಕೇಳುವಂತೆ. ‘ಚೆನ್ನಾಗಿ ಮಾಡಿದೀಯ. ಅಂಚು ಗರಿಗರಿಯಾಗಿದೆ, ನಡುವೆ ಮೆತ್ತಗಿದೆ. ನಿನ್ನ ಅಜ್ಜಿ ತಿಂದಿದ್ರೆ ಎರಡನೇ ಸಲ ಹಾಕಿಸ್ಕೋತಿದ್ಲು.’

ಇಪ್ಪತ್ತೆರಡು ವರ್ಷದಿಂದ ಯಾರಾದರೂ ಒಬ್ಬರು ಹೇಳಲಿ ಎಂದು ಲೆಮ್ ಕಾದಿದ್ದ ಮಾತು ಇದು. ‘ಹಾಗಾದ್ರೆ ಮೈಕಿನಲ್ಲಿ ಹೇಳಿ ಅತ್ತೆ,’ ಎಂದ.

‘ಹೇಳು ಅಂದ್ರೆ ಹೇಳ್ತೀನಿ. ಸುಳ್ಳು ಹೇಳೋಕೆ ನನಗೂ ಇಷ್ಟ ಇಲ್ಲ. ಆದರೆ ಒಂದು ಮಾತು ಕೇಳು. ಮೂರು ವರ್ಷ ಆಯ್ತು, ನನ್ನನ್ನ ಯಾರೂ ಏನೂ ಕೇಳಿಲ್ಲ. ಔಷಧಿ ತಗೊಂಡ್ರಾ ಅಂತಾರೆ, ಸೆಕೆ ಆಗ್ತಿದೆಯಾ ಅಂತಾರೆ, ಅಷ್ಟೇ. ಇವತ್ತು ಹತ್ತೊಂಬತ್ತು ಜನ ಬಂದು ಬೆಣ್ಣೆ ಎಷ್ಟು ಅಂತ ಕೇಳಿದ್ರು. ಎಣಿಸಿದೀನಿ.’

‘ಇದು ಅನ್ಯಾಯ ಅತ್ತೆ.’

‘ಅನ್ಯಾಯಾನೇ,’ ಎಂದರು ಅತ್ತೆ. ‘ನೀನೇ ಹೇಳು. ನೀನು ಹೇಗೆ ಹೇಳಿದ್ರೆ ಹಾಗೆ.’

ಲೆಮ್ ಎದ್ದು ನಿಂತ. ಕ್ಲಾಡೆಟ್ ಮೈಕನ್ನು ಅವನ ಮೂತಿಗೆ ಹಿಡಿದಳು. ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಹದಿಮೂರು ಭಾನುವಾರ, ಆರು ಪೌಂಡು ಚೀಸು, ನಾಲ್ಕು ಬೆರಳು. ನೂರ ನಲವತ್ತು ನೇರಳೆ ಎದೆಗಳು ಅವನತ್ತಲೇ ತಿರುಗಿದ್ದವು. ಮರದ ಕೆಳಗೆ ಆಗಲೇ ಇನ್ನೊಬ್ಬಳು ಹೆಂಗಸು ಕಾಗದ ಪೆನ್ನು ಹಿಡಿದು ಅತ್ತೆಯ ಹತ್ತಿರ ಬಂದು ಕೂರುತ್ತಿದ್ದಳು.

‘ಅತ್ತೆ ಮಾಡಿದ್ದು,’ ಎಂದ ಲೆಮ್.

‘ನಾನು ಮೊದಲೇ ಹೇಳ್ಲಿಲ್ವಾ?’ ಎಂದ ಪರ್ನೆಲ್. ಚಪ್ಪಾಳೆ ಬಿತ್ತು. ಷಿಕಾಗೋದ ದಪ್ಪ ಮನುಷ್ಯ ಮತ್ತೆ ಕಣ್ಣೊರೆಸಿಕೊಂಡ. ಕ್ಲಾಡೆಟ್ ಮೈಕು ವಾಪಸು ಎಳೆದುಕೊಳ್ಳಲು ಕೈ ಹಾಕಿದಳು, ಲೆಮ್ ಬಿಡಲಿಲ್ಲ.

‘ನಾನಿನ್ನೂ ಮುಗಿಸಿಲ್ಲ. ಚೀಸು ತುರಿದದ್ದು ನಾನು. ಆರು ಪೌಂಡು. ಅದನ್ನ ಅತ್ತೆ ತುರಿದರು ಅಂತ ಯಾರಾದ್ರೂ ಅಂದ್ರೆ ನಾನು ಸುಮ್ನಿರಲ್ಲ.’

‘ತುರಿದದ್ದು ಅವನೇ,’ ಎಂದರು ಓಜೆಲ್ಲಾ ಅತ್ತೆ, ಮೈಕಿಲ್ಲದೆಯೇ ಪಾರ್ಕಿಗೆಲ್ಲ ಕೇಳುವಂತೆ. ‘ಮುಂದಿನ ವರ್ಷವೂ ಮ್ಯಾಕರೋನಿ ನನ್ನದು. ಅವನ ಮನೆ ಒಲೆಯಲ್ಲೇ ಮಾಡ್ತೀನಿ. ಅವನು ತುರೀದೇ ಇದ್ರೆ ನಾನು ಮಾಡಲ್ಲ.’

ಕ್ಲಾಡೆಟ್ ಎಲ್ಲರ ಮುಖ ನೋಡಿದಳು. ತನ್ನ ಪರವಾಗಿ ಗಂಡನೂ ಕೈಯೆತ್ತುವಂತೆ ಕಾಣಲಿಲ್ಲ. ‘ಬರ್ಕೋ ಇಮೋಜಿನ್,’ ಎಂದಳು, ಹಲ್ಲು ಕಚ್ಚಿಕೊಂಡು. ‘ಮ್ಯಾಕರೋನಿ, ಓಜೆಲ್ಲಾ ಮೇಬ್ರಿ. ಚೀಸು ತುರಿಯೋದು, ಲೆಮ್ಯುಯಲ್ ಮೇಬ್ರಿ.’

ಇಮೋಜಿನ್ ಬರೆದುಕೊಂಡಳು. ಲೆಮ್ ಮೈಕನ್ನು ಅಲ್ಲೇ ಬಿಟ್ಟು, ಜನರನ್ನು ತಳ್ಳಿಕೊಂಡು, ನೇರವಾಗಿ ಅವಳ ಮೇಜಿನ ಹತ್ತಿರ ಹೋದ. ಅವನ ಮುಖ ಇನ್ನೂ ಕೆಂಪಾಗಿಯೇ ಇತ್ತು.

‘ಎಲ್ಲಿ ತೋರಿಸು. ಯಾವ ಪುಟದಲ್ಲಿ ಬರೆದೆ?’

‘ಇನ್ಯಾವ ಪುಟ ಭಾವ? ಅಡುಗೆ ಪುಟದಲ್ಲಿ.’

ಲೆಮ್ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ. ‘ನನ್ನ ಹೆಸರಿನ ಎಲ್ ಅಕ್ಷರ ಸರಿಯಾಗಿ ಕಾಣ್ತಿಲ್ಲ,’ ಎಂದ. ‘ಮತ್ತೊಂದ್ಸಲ ಒತ್ತಿ ಬರಿ.’